ಮೇಕಪ್ ತೆಗೆಯುವ ವೈಪ್ಸ್‌ನಲ್ಲಿ ಏನೇನಿರುತ್ತದೆ? ಒರೆಸಿದ ಮೇಲೆ ಮುಖ ಉರಿಯುವುದು ಯಾಕೆ?

ಪ್ಯಾಕೆಟ್ ಹಿಂದಿನ ಪಟ್ಟಿ ನೋಡಿ. ಜಾಸ್ತಿ ಇರುವುದು ಮೊದಲು ಬರುತ್ತದೆ. ಸಾಮಾನ್ಯವಾಗಿ ಅದು 'ಆಕ್ವಾ', ಅಂದರೆ ನೀರು. ಬರೀ ನೀರಿಗೆ ಕಾಡಿಗೆ ಬಿಡುವುದಿಲ್ಲ ಅಲ್ವಾ? ಅದಕ್ಕೇ ಎಣ್ಣೆ ಅಂಶ, ಜೊತೆಗೆ ಪಾಲಿಸಾರ್ಬೇಟ್ 20ರಂಥ ಸರ್ಫ್ಯಾಕ್ಟೆಂಟ್ ಇರುತ್ತದೆ. ಇದರ ಅಣುವಿನ ಒಂದು ತುದಿ ಜಿಡ್ಡನ್ನು ಹಿಡಿಯುತ್ತದೆ, ಇನ್ನೊಂದು ನೀರನ್ನು. ಹಾಗೆ ಕಪ್ಪೆಲ್ಲ ಬಟ್ಟೆಗೆ ಬರುತ್ತದೆ. ಗ್ಲಿಸರಿನ್ ತೇವಕ್ಕೆ.

ಉರಿ ಬಂದರೆ ಮೊದಲು ಸುಗಂಧ ಮತ್ತು ಪ್ರಿಸರ್ವೇಟಿವ್ ಮೇಲೆ ಅನುಮಾನಪಡಿ. ಒದ್ದೆ ಬಟ್ಟೆ ಕೆಡದಿರಲು ಪ್ರಿಸರ್ವೇಟಿವ್ ಬೇಕೇ ಬೇಕು. ಫಿನಾಕ್ಸಿಎಥನಾಲ್ ಬಹಳ ಜನಕ್ಕೆ ಒಗ್ಗುತ್ತದೆ. ಆದರೆ ಮೀಥೈಲ್‌ಐಸೋಥಯಜೋಲಿನೋನ್ ಕಂಡರೆ ದಯವಿಟ್ಟು ಕೊಳ್ಳಬೇಡಿ. ಅಲರ್ಜಿ ತರುತ್ತದೆಂದು ಯುರೋಪಿಯನ್ ಒಕ್ಕೂಟ 2017ರಿಂದ, ಹಚ್ಚಿ ತೊಳೆಯದೆ ಬಿಡುವ ಸಾಮಾನುಗಳಲ್ಲಿ ಇದನ್ನು ನಿಷೇಧಿಸಿದೆ. ಒರೆಸಿದ ಮೇಲೆ ಇವೆಲ್ಲ ಮುಖದಲ್ಲೇ ಉಳಿಯುತ್ತವೆ. ಸುಮ್ನೆ ಮಲಗಬೇಡಿ, ನೀರಲ್ಲಿ ತೊಳೆಯಿರಿ.