ಓದುಗರ ಪ್ರಶ್ನೆ: ಊರಿಗೂರೇ ಹೆಗಲು ಮುಟ್ಟಿ ನೋಡ್ಕೊಂಡ್ರೆ ಕಳ್ಳ ಯಾರು?

ಪ್ರಶ್ನೆ: ಸಾರ್, ಒಂದು ಸಣ್ಣ ಹಳ್ಳಿಯಂಥ ಊರಲ್ಲಿ ನಡೆಯೋ ಕೊಲೆ ಕಥೆ ಓದ್ತಾ ಇದೀನಿ. ಹೆಣ ಸಿಕ್ಕಿದ್ದು 12ನೇ ಪೇಜಲ್ಲಿ, ಈಗ 100ರ ಹತ್ರ ಬಂದಿದೀನಿ, ಅಲ್ಲಿಂದ ಇಲ್ಲೀವರೆಗೂ ಬರೀ ಮಾತು. ಪೋಸ್ಟ್‌ಮ್ಯಾನ್ ಮಾತಾಡ್ತಾನೆ, ಡಾಕ್ಟರ್ ಹೆಂಡ್ತಿ ಮಾತಾಡ್ತಾಳೆ, ಎಲ್ರಿಗೂ ಎಲ್ರೂ ನೆಂಟ್ರು, ಯಾರು ಯಾರ ಭಾವಮೈದ ಅನ್ನೋದೇ ತಲೆಗೆ ಹತ್ತುತ್ತಿಲ್ಲ. ಮುಂದೆ ಓದ್ಲಾ, ಬಿಟ್ಬಿಡ್ಲಾ?

ಉತ್ತರ: ಬಿಡ್ಬೇಡಿ. ನೀವು ಬೋರು ಅಂತಿರೋ ಆ ಮಾತುಗಳೇ ಕಥೆ.

ಸಿಟಿ ಪತ್ತೇದಾರಿ ಕಥೆಯಲ್ಲಿ ಯಾರಿಗೂ ಏನೂ ಗೊತ್ತಿರಲ್ಲ, ಪಕ್ಕದ ಮನೆಯವನ ಹೆಸರೂ ಗೊತ್ತಿರಲ್ಲ, ಹಾಗಾಗಿ ಪತ್ತೇದಾರ ಓಡಾಡಿ ಮಾಹಿತಿ ಒಟ್ಟು ಮಾಡ್ಬೇಕು. ಸಣ್ಣ ಊರಲ್ಲಿ ಉಲ್ಟಾ. ಯಾರ ಮನೇಲಿ ದೀಪ ಎಷ್ಟೊತ್ತಿನವರೆಗೂ ಉರೀತಿತ್ತು, ಯಾರ ಮಗ ಯಾಕೆ ಮನೆ ಬಿಟ್ಟು ಹೋದ, ಎಲ್ಲಾ ಎಲ್ರಿಗೂ ಗೊತ್ತು. ಅಲ್ಲಿ ಪತ್ತೇದಾರನಿಗೆ ಮಾಹಿತಿ ಕಮ್ಮಿ ಆಗಿ ಕಷ್ಟ ಅಲ್ಲ, ಜಾಸ್ತಿ ಆಗಿ ಕಷ್ಟ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತೀವಲ್ಲ, ಈ ಥರ ಕಾದಂಬರೀಲಿ ಆ ಗಾದೆ ಕೈಕೊಡುತ್ತೆ, ಯಾಕಂದ್ರೆ ಕೊಲೆ ಆಯ್ತು ಅಂದ ತಕ್ಷಣ ಊರಿಗೂರೇ ಹೆಗಲು ಮುಟ್ಟಿ ನೋಡ್ಕೊಳ್ಳುತ್ತೆ! ಒಬ್ಬ ಸಾಲ ಮುಚ್ಚಿಟ್ಟಿರ್ತಾನೆ, ಇನ್ನೊಬ್ಳು ಹಳೇ ಪ್ರೇಮ, ಮತ್ತೊಬ್ಬ ಆ ರಾತ್ರಿ ಕುಡಿದು ಎಲ್ಲೋ ಬಿದ್ದಿದ್ದು. ಸುಳ್ಳು ಎಲ್ರೂ ಹೇಳ್ತಾರೆ, ಆದ್ರೆ ಕೊಲೆಗೋಸ್ಕರ ಹೇಳೋನು ಒಬ್ನೇ. ಈ ಸಣ್ಣ ಸುಳ್ಳುಗಳನ್ನ ಒಂದೊಂದಾಗಿ ಬಿಡಿಸ್ಕೊಂಡು ಹೋಗೋಕೆ ಪೇಜು ಬೇಕಲ್ವಾ, ಆ ನೂರು ಪೇಜಿನ ಕೆಲಸ ಅದೇ.

ವಂಶವೃಕ್ಷ ಬರ್ಕೊಂಡು ಕೂರ್ಬೇಡಿ, ನಾನೂ ಮಾಡಿ ನೋಡಿದೀನಿ, ಪರೀಕ್ಷೆಗೆ ಓದ್ದಂಗಾಗುತ್ತೆ. ಯಾರಾದ್ರೂ ಏನಾದ್ರೂ ಅಂದಾಗ ಒಂದೇ ಪ್ರಶ್ನೆ ಕೇಳ್ಕೊಳ್ಳಿ, ಇವನು ಇದನ್ನ ಕಂಡಿದ್ದಾ, ಕೇಳಿದ್ದಾ? ಮೊದಲನೆಯವನು ‘ಏಳು ಗಂಟೆ ಇರ್ಬೇಕು’ ಅಂದಿರ್ತಾನೆ, ಅದನ್ನ ಕೇಳಿದವಳು ‘ಏಳಕ್ಕೆ’ ಅಂತಾಳೆ, ಮೂರನೇ ಬಾಯಿಗೆ ಬರೋ ಹೊತ್ತಿಗೆ ‘ಗಡಿಯಾರ ಏಳು ಹೊಡೀತಿತ್ತಂತೆ’ ಆಗಿರುತ್ತೆ, ಪೊಲೀಸ್ನೋರು ಆ ಏಳು ಗಂಟೆನೇ ಹಿಡ್ಕೊಂಡು ಯಾರು ಎಲ್ಲಿದ್ರು ಅಂತ ಪಟ್ಟಿ ಮಾಡಿರ್ತಾರೆ. ಗಡಿಗೆ ಬಾಯಿ ಮುಚ್ಬೋದು ಊರ ಬಾಯಿ ಮುಚ್ಚೋಕಾಗಲ್ಲ ನಿಜ, ಆದ್ರೆ ಜಾಣ ಕೊಲೆಗಾರ ಮುಚ್ಚೋಕೆ ಹೋಗೋದೇ ಇಲ್ಲ, ತನಗೆ ಬೇಕಾದ ಒಂದು ಮಾತನ್ನ ಊರ ಬಾಯಿಗೆ ಹಾಕಿ ಸುಮ್ನಾಗ್ತಾನೆ.

ಇನ್ನೊಂದು ಸಮಾಧಾನ. ರೊನಾಲ್ಡ್ ನಾಕ್ಸ್ ಅಂತ ಒಬ್ರು ಪಾದ್ರಿ, ಅವರೇ ಪತ್ತೇದಾರಿ ಕಥೆಗಾರರು ಕೂಡ, 1929ರಲ್ಲಿ ಇಂಥ ಕಥೆಗಳಿಗೆ 10 ನಿಯಮ ಬರೆದ್ರು. ಮೊದಲನೇದೇ ಇದು: ಅಪರಾಧಿ ಕಥೆಯ ಶುರುವಿನ ಭಾಗದಲ್ಲೇ ಬಂದಿರ್ಬೇಕು. ಎಲ್ಲ ಲೇಖಕರೂ ಪಾಲಿಸ್ತಾರೆ ಅಂತಲ್ಲ, ಆದ್ರೆ ನಿಮ್ಮ ಲೇಖಕರು ಪಾಲಿಸೋರಾಗಿದ್ರೆ ನೀವು ಆಗ್ಲೇ ಆ ಮನುಷ್ಯನ್ನ ಭೇಟಿ ಮಾಡಿ ಬೋರಾಗಿ ಪೇಜ್ ತಿರುಗಿಸಿದೀರ.

ಪ್ರಶ್ನೆ: ಹೊರಗಿಂದ ಬಂದ ಇನ್ಸ್‌ಪೆಕ್ಟರ್ ಯಾವಾಗ್ಲೂ ದಡ್ಡ, ಊರಿನ ಮುದುಕಿ ಬುದ್ಧಿವಂತೆ. ಇದು ನಿಜವಾಗ್ಲೂ ಹಂಗಿರುತ್ತಾ?

ಉತ್ತರ: ಇಂಗ್ಲಿಷ್ ಲೇಖಕಿ ಅಗಾಥಾ ಕ್ರಿಸ್ಟಿ ಅವರ ಕಥೆಗಳಲ್ಲಿ ಕೊಲೆ ಪತ್ತೆ ಮಾಡೋ ಹಳ್ಳಿ ಮುದುಕಿ ಮಿಸ್ ಮಾರ್ಪಲ್ ನೆನಪಲ್ಲಿ ಕೇಳಿದೀರ ಅನ್ಸುತ್ತೆ. ಆಕೆ ಮೊದಲ ಸಲ ಕಾದಂಬರಿಗೆ ಬಂದಿದ್ದು 1930ರಲ್ಲಿ, ಊರು ಸೇಂಟ್ ಮೇರಿ ಮೀಡ್. ಎದುರಿಗಿರೋ ಮನುಷ್ಯನ್ನ ನೋಡಿ, ಇವನು ನಮ್ಮೂರಿನ ಇಂಥವನ ಥರ ಇದಾನಲ್ಲ ಅನ್ಕೊಳ್ಳೋದೇ ಆಕೆ ಪತ್ತೆದಾರಿಕೆ.

ನಿಜ ಜೀವನದಲ್ಲಿ ಉಲ್ಟಾನೂ ಆಗಿದೆ. 1860ರಲ್ಲಿ ಇಂಗ್ಲೆಂಡಿನ ರೋಡ್ ಅನ್ನೋ ಹಳ್ಳೀಲಿ, ಒಂದು ದೊಡ್ಡ ಮನೇಲಿ ಮೂರು ವರ್ಷದ ಮಗುವಿನ ಕೊಲೆ ಆಯ್ತು. ಲಂಡನ್ನಿಂದ ಸ್ಕಾಟ್ಲೆಂಡ್ ಯಾರ್ಡಿನ, ಅಂದ್ರೆ ಅಲ್ಲಿನ ಪೊಲೀಸ್ ಮುಖ್ಯ ಕಚೇರಿಯ, ವಿಚರ್ ಅನ್ನೋ ಪತ್ತೇದಾರ ಬಂದ. ಅವನು ಹಿಡಿದ ಎಳೆ ಏನು ಗೊತ್ತಾ, ಬಟ್ಟೆ ಲೆಕ್ಕ! ಮನೆಯ 16 ವರ್ಷದ ಮಗಳು ಕಾನ್‌ಸ್ಟನ್ಸ್, ಅಂದ್ರೆ ಆ ಮಗುವಿನ ಮಲಅಕ್ಕ, ಅವಳ ರಾತ್ರಿ ಉಡುಪುಗಳಲ್ಲಿ ಒಂದು ಕಾಣ್ತಿರ್ಲಿಲ್ಲ. ಒಗೆಯೋಕೆ ಹೋದಾಗ ಕಳೆದಿದ್ದು ಅಂತ ಮನೆಯವ್ರು, ನಮಗೆ ಬಂದೇ ಇಲ್ಲ ಅಂತ ಒಗೆಯೋರು. ವಿಚರ್ ಅವಳನ್ನೇ ಅರೆಸ್ಟ್ ಮಾಡಿದ, ಆದ್ರೆ ಕೆಳಗಿನ ಮನೆತನದ ಈ ಪೊಲೀಸ್ನೋನು ಮರ್ಯಾದಸ್ಥರ ಮನೆ ಹುಡುಗಿ ಮೇಲೆ ಕೈ ಹಾಕಿದ ಅಂತ ಜನ, ಪೇಪರ್ನೋರು ಎಲ್ಲಾ ಅವನ ಮೇಲೇ ತಿರುಗಿಬಿದ್ರು, ಹುಡುಗಿಗೆ ಬಿಡುಗಡೆ ಆಯ್ತು. ಐದು ವರ್ಷ ಆದ್ಮೇಲೆ, 1865ರಲ್ಲಿ, ಅವಳೇ ಬಂದು ತಪ್ಪೊಪ್ಕೊಂಡ್ಳು. ಹೊರಗಿನವನು ಕಂಡಿದ್ದು ಸರಿಯಾಗೇ ಇತ್ತು, ಒಪ್ಕೊಳ್ಳೋಕೆ ಜನಕ್ಕೆ ಮನಸ್ಸಿರ್ಲಿಲ್ಲ ಅಷ್ಟೆ. ಸಣ್ಣ ಊರಿನ ಕಥೆ ಓದುವಾಗೆಲ್ಲ ಬಟ್ಟೆ ಒಗೆಯೋಳು ಬಂದ್ರೆ ಈಗ ನಾನು ನೆಟ್ಟಗೆ ಕೂತು ಓದ್ತೀನಿ.

ಪ್ರಶ್ನೆ: ನಾನು ಕೊನೇ ಪೇಜ್ ಮೊದ್ಲೇ ಓದ್ಬಿಡ್ತೀನಿ. ತಪ್ಪಾ?

ಉತ್ತರ: ಪುಸ್ತಕ ನಿಮ್ದು. ಆದ್ರೆ ಕೊನೇ ಪೇಜಲ್ಲಿ ಸಾಮಾನ್ಯವಾಗಿ ಕೊಲೆಗಾರ ಇರಲ್ಲ, ಮಳೆ ನಿಂತಿರುತ್ತೆ, ಯಾರೋ ರೈಲು ಹತ್ತುತಿರ್ತಾರೆ. ಕಳ್ಳತನ ಮಾಡೋದೇ ಆದ್ರೆ ಹದಿನೈದು ಪೇಜ್ ಹಿಂದಕ್ಕೆ ಹೋಗಿ.