ಸಂಪಾದಕರ ಉತ್ತರ: ಮುಚ್ಚಿದ ಬಾಗಿಲು ಮತ್ತು ಕೊನೆಯ ಬಸ್ಸು

ಮಾನ್ಯರೇ,

ಅರುಂಧತಿ ನಾಗ್ ಅವರ ಕುರಿತು ಕಳೆದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ ಲೇಖನವನ್ನು ಓದಿ ನಾಪೋಕ್ಲಿನಿಂದ ನೀವು ಬರೆದ ನಾಲ್ಕು ಪುಟಗಳ ಪತ್ರ ತಲುಪಿತು. ಅದನ್ನು ಇಡಿಯಾಗಿ ಅಚ್ಚು ಮಾಡಲು ಜಾಗವಿಲ್ಲದ ಕಾರಣ, ಉಳಿದ ಓದುಗರ ತಿಳಿವಳಿಕೆಗಾಗಿ ಅದರ ಸಾರವನ್ನಷ್ಟೇ ಇಲ್ಲಿ ಕೊಡುತ್ತೇನೆ. ಬೆಂಗಳೂರಿನ ನಟಿಯೊಬ್ಬರಿಗೆ ಮಡಿಕೇರಿಯ ಪತ್ರಿಕೆ ಆರು ಪುಟ ಕೊಡುವ ಅಗತ್ಯವೇನಿತ್ತು ಎಂಬುದು ನಿಮ್ಮ ಮೊದಲ ಪ್ರಶ್ನೆ. ನಾಟಕದ ಮಂದಿರ ಕಟ್ಟಿ ಬಾಡಿಗೆಗೆ ಕೊಡುವುದನ್ನು ‘ಸಮಾಜ ಸೇವೆ’ ಎಂದು ಕರೆದದ್ದು ಅತಿಶಯೋಕ್ತಿ, ಅದರಲ್ಲೂ ಒಂದು ನಿಮಿಷ ತಡವಾದರೆ ಬಾಗಿಲು ಹಾಕಿಕೊಳ್ಳುವ ಮಂದಿರ ಸೇವೆಗಿಂತ ದರ್ಪಕ್ಕೇ ಹತ್ತಿರ ಎಂಬುದು ಎರಡನೆಯ ಆಕ್ಷೇಪ. ಆ ಮಂದಿರ, ಅಂದರೆ ರಂಗಶಂಕರ, 1994ರಲ್ಲಿ ಆರಂಭವಾಯಿತೆಂದು ನಾವು ಬರೆದದ್ದು ತಪ್ಪು ಎಂಬುದು ಮೂರನೆಯದು. ಇವುಗಳ ಜೊತೆಗೆ, ಕೊಡಗಿನ ರಂಗಭೂಮಿಯ ‘ನಮ್ಮವರನ್ನು ಮರೆತಿರಿ’ ಎಂಬ ದೂರೂ ಇದೆ.

ಮೂರನೆಯದನ್ನು ಮೊದಲು ಒಪ್ಪಿಕೊಂಡುಬಿಡುತ್ತೇನೆ. ರಂಗಶಂಕರದ ಬಾಗಿಲು ತೆರೆದದ್ದು 2004ರ ಅಕ್ಟೋಬರಿನಲ್ಲಿ. ಕರಡು ತಿದ್ದಿದವನು ನಾನೇ ಆದ್ದರಿಂದ ಬೇರೆ ಯಾರನ್ನೂ ದೂರುವಂತಿಲ್ಲ. ಇದು ಒಂದು ಅಂಕಿಯ ತಪ್ಪಷ್ಟೇ ಎಂದು ಹೇಳಿ ಜಾರಿಕೊಳ್ಳಲೂ ಆಗದು, ಏಕೆಂದರೆ ನಾವು ನುಂಗಿಹಾಕಿದ ಆ ಹತ್ತು ವರ್ಷಗಳಲ್ಲಿಯೇ ಆಕೆಯ ಕೆಲಸದ ಮುಖ್ಯ ಭಾಗವಿದೆ.

ಆಕೆಯ ಪತಿ, ನಟ-ನಿರ್ದೇಶಕ ಶಂಕರ್ ನಾಗ್ ದಾವಣಗೆರೆ ಸಮೀಪದ ಆನಗೋಡಿನ ಬಳಿ ಕಾರು ಅಪಘಾತದಲ್ಲಿ ತೀರಿಕೊಂಡದ್ದು 1990ರ ಸೆಪ್ಟೆಂಬರ್ 30ರಂದು. ಅದೇ ಕಾರಿನಲ್ಲಿ ಅರುಂಧತಿಯವರೂ ಇದ್ದರು. ಆಕೆ ಹುಟ್ಟಿದ್ದು ದೆಹಲಿಯಲ್ಲಿ, ಬೆಳೆದದ್ದು ಮುಂಬೈಯಲ್ಲಿ. ಮರಾಠಿ, ಗುಜರಾತಿ, ಹಿಂದಿ ರಂಗಭೂಮಿಯಲ್ಲಿ ಪಳಗಿ, ಮದುವೆಯ ಬಳಿಕ ಬೆಂಗಳೂರಿಗೆ ಬಂದು, ಕನ್ನಡವನ್ನು ಆಮೇಲೆ ಕಲಿತವರು. ಪತಿಯೊಂದಿಗೆ ‘ಸಂಕೇತ್’ ತಂಡದಲ್ಲಿ ನಾಟಕವಾಡಿದರು. ಪತಿಯ ಮರಣದ ನಂತರ, ಬಂದ ಊರಿಗೆ ಹಿಂತಿರುಗಿದ್ದರೂ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಆಕೆ ಬೆಂಗಳೂರಿನಲ್ಲಿಯೇ ಉಳಿದು, ನಿರ್ದೇಶಕ ಎಂ.ಎಸ್. ಸತ್ಯು, ನಾಟಕಕಾರ ಗಿರೀಶ ಕಾರ್ನಾಡರಂಥವರನ್ನು ಜೊತೆಗಿಟ್ಟುಕೊಂಡು, ಸಂಕೇತ್ ಟ್ರಸ್ಟಿನ ಹೆಸರಿನಲ್ಲಿ ಜೆ.ಪಿ. ನಗರದಲ್ಲಿ ಒಂದು ನಿವೇಶನ ಪಡೆದು, ಸರ್ಕಾರದ ಬಾಗಿಲನ್ನೂ ಉದ್ಯಮಿಗಳ ಬಾಗಿಲನ್ನೂ ವರ್ಷಗಟ್ಟಲೆ ತಟ್ಟಿ ಹಣ ಕೂಡಿಸಿದರು. ಸ್ಮಾರಕವೆಂದರೆ ಪ್ರತಿಮೆಯೋ ವೃತ್ತವೋ ಎಂದುಕೊಳ್ಳುವ ನಾಡಿನಲ್ಲಿ, ಪ್ರತಿ ಸಂಜೆ ಗುಡಿಸಿ, ದೀಪ ಹಚ್ಚಿ, ಮರುದಿನ ಮತ್ತೆ ಗುಡಿಸಬೇಕಾದ ಸ್ಮಾರಕವನ್ನು ಆಕೆ ಆರಿಸಿಕೊಂಡರು.

ಚಿತ್ರರಂಗದ ವಿಚಾರವನ್ನು ಬೇಗ ಮುಗಿಸುತ್ತೇನೆ. ನಮ್ಮ ಲೇಖನ ಅದರ ಬಗ್ಗೆ ಬೇಕಾದದ್ದಕ್ಕಿಂತ ಹೆಚ್ಚು ಹೇಳಿತು ಎಂಬ ನಿಮ್ಮ ಮಾತು ಸರಿಯೇ. 2005ರ ‘ಜೋಗಿ’ಯ ತಾಯಿಯಾಗಿ ಆಕೆ ಕರ್ನಾಟಕದ ಮನೆಮನೆಗೆ ಪರಿಚಿತರಾದರು. 2009ರ ಹಿಂದಿ ಚಿತ್ರ ‘ಪಾ’ದ ಅಭಿನಯಕ್ಕೆ ರಾಷ್ಟ್ರಪ್ರಶಸ್ತಿ ಬಂತು, 2010ರಲ್ಲಿ ಪದ್ಮಶ್ರೀ ಬಂತು. ನಾನು ಮಾತ್ರ ಆಕೆಯನ್ನು ನೆನೆಯುವುದು ಕಾರ್ನಾಡರ ‘ಒಡಕಲು ಬಿಂಬ’ ನಾಟಕದ ಲೇಖಕಿಯ ಪಾತ್ರದಲ್ಲಿ. ವೇದಿಕೆಯ ಮೇಲೆ ಒಬ್ಬಳೇ ಹೆಂಗಸು, ಎದುರಿಗೆ ಟಿ.ವಿ. ಪರದೆಯ ಮೇಲೆ ಅವಳೊಂದಿಗೆ ಜಗಳಕ್ಕಿಳಿಯುವ ಅವಳದೇ ಬಿಂಬ. ಮೊದಲೇ ಚಿತ್ರಿಸಿಟ್ಟ ಆ ಬಿಂಬ ಯಾರಿಗೂ ಕಾಯುವುದಿಲ್ಲ. ನಟಿ ಒಂದು ಉಸಿರು ತಪ್ಪಿದರೂ ಜಗಳ ಹಳಿ ತಪ್ಪುತ್ತದೆ. ಸಮಯದ ವಿಷಯದಲ್ಲಿ ಆಕೆಗೆ ಇರುವ ಹಟ ಎಲ್ಲಿಂದ ಬಂತೆಂದು ಯಾರಾದರೂ ಕೇಳಿದರೆ, ನನಗೆ ತಟ್ಟನೆ ಹೊಳೆಯುವುದು ಆ ನಾಟಕ.

ಈಗ ನೀವು ದರ್ಪವೆಂದು ಕರೆದ ಆ ಬಾಗಿಲಿನ ವಿಷಯಕ್ಕೆ ಬರುತ್ತೇನೆ. ರಂಗಶಂಕರದಲ್ಲಿ ಹೇಳಿದ ಹೊತ್ತಿಗೆ ನಾಟಕ ಶುರುವಾಗುತ್ತದೆ, ಅನಂತರ ಬಂದವರಿಗೆ, ಅವರು ಎಂಥ ಗಣ್ಯರೇ ಆಗಿರಲಿ, ಪ್ರವೇಶವಿಲ್ಲ. ಇದನ್ನು ಬೆಂಗಳೂರಿನ ಶೋಕಿ ಎಂದು ನಾನೂ ಒಂದು ಕಾಲದಲ್ಲಿ ಭಾವಿಸಿದ್ದೆ. ನನ್ನ ಅಭಿಪ್ರಾಯ ಬದಲಾದದ್ದು ಬೆಂಗಳೂರಿನಲ್ಲಿ ಅಲ್ಲ, ನಮ್ಮ ಜಿಲ್ಲೆಯಲ್ಲಿಯೇ. ಕೆಲವು ವರ್ಷಗಳ ಹಿಂದೆ, ಕಾಫಿ ಕೊಯ್ಲು ಮುಗಿದ ಒಂದು ಸಂಜೆ, ನಮ್ಮ ಪಟ್ಟಣವೊಂದರ ಸಭಾಂಗಣದಲ್ಲಿ ಆರು ಗಂಟೆಗೆ ನಾಟಕವೆಂದು ಕರಪತ್ರ ಹಂಚಿದ್ದರು. ಸುತ್ತಲಿನ ಊರುಗಳಿಂದ, ತೋಟದ ಕಾರ್ಮಿಕರ ಲೈನ್ ಮನೆಗಳಿಂದ ಜನ ಐದೂವರೆಗೇ ಬಂದು ಕುಳಿತಿದ್ದರು. ಉದ್ಘಾಟಕರು ಬಂದದ್ದು ಏಳೂಕಾಲಿಗೆ. ದೀಪ, ಹಾರ, ಶಾಲು, ಮೂರು ಭಾಷಣಗಳು ಮುಗಿದು ಪರದೆ ಸರಿದಾಗ ಎಂಟು ಗಂಟೆ ಹತ್ತು ನಿಮಿಷ. ಊರ ಕಡೆಯ ಕೊನೆಯ ಬಸ್ಸು ಎಂಟೂವರೆಗೆ. ಮೊದಲ ದೃಶ್ಯ ಮುಗಿಯುವ ಮೊದಲೇ ಅರ್ಧ ಸಭಾಂಗಣ ಎದ್ದು ಹೋಯಿತು. ಎದ್ದವರೆಲ್ಲ ಎರಡೂವರೆ ಗಂಟೆ ಕಾದವರು, ಉಳಿದವರಲ್ಲಿ ಹೆಚ್ಚಿನವರು ಸ್ವಂತ ವಾಹನ ಇದ್ದವರು.

ಅಂದು ನನಗೆ ತಿಳಿದದ್ದು ಇಷ್ಟು: ತಡವಾಗಿ ಬಂದವರಿಗೆ ತೆರೆದಿಟ್ಟ ಬಾಗಿಲು, ಹೊತ್ತಿಗೆ ಸರಿಯಾಗಿ ಬಂದ ಬಡವರನ್ನು ಹೊರಗೆ ಹಾಕುತ್ತದೆ. ನೆಟ್ಟಗಿನ ರಸ್ತೆಯೇ ಇಲ್ಲದ, ಸಂಜೆಯಾದರೆ ಆನೆಯ ಭಯವಿರುವ, ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಮರ ಬಿದ್ದು ದಾರಿ ಕಟ್ಟುವ ನಮ್ಮಂಥ ಜಿಲ್ಲೆಗೆ, ಸಮಯಕ್ಕೆ ಮುಚ್ಚುವ ಬಾಗಿಲು ಬೆಂಗಳೂರಿಗಿಂತ ಹೆಚ್ಚು ಅಗತ್ಯ. ಇದನ್ನು ಸೇವೆ ಎನ್ನಲು ನನಗೆ ಸಂಕೋಚವಿಲ್ಲ.

ಬಾಡಿಗೆಯ ಬಗ್ಗೆಯೂ ಒಂದು ಮಾತು. ಮುನ್ನೂರಕ್ಕೂ ಹೆಚ್ಚು ಆಸನಗಳಿರುವ ಆ ಮಂದಿರದಲ್ಲಿ ನಾಟಕ ಮಾತ್ರ ನಡೆಯಬೇಕು, ಅದೂ ದಿನವೂ ನಡೆಯಬೇಕು, ತಂಡಗಳಿಂದ ಪಡೆಯುವ ಬಾಡಿಗೆ ಅವುಗಳ ಕೈಗೆಟಕುವಂತಿರಬೇಕು ಎಂಬುದು ಮೊದಲಿನಿಂದಲೂ ಅಲ್ಲಿನ ಧೋರಣೆ. ಅಷ್ಟು ಕಡಿಮೆ ಬಾಡಿಗೆಯಲ್ಲಿ ಕಟ್ಟಡ ನಡೆಯುವುದಿಲ್ಲವಾದ್ದರಿಂದ ಉಳಿದ ಹಣವನ್ನು ಪ್ರತಿ ವರ್ಷ ಹೊರಗಿನಿಂದ ತರಬೇಕಾಗುತ್ತದೆ. ನಟಿಯಾಗಿ ಹೆಸರು ಮಾಡಿದವರು ಆ ಹೆಸರನ್ನು ಇಂಥದ್ದಕ್ಕೆ ಖರ್ಚು ಮಾಡುವುದು ಅಪರೂಪ. ಮಕ್ಕಳ ನಾಟಕಗಳಿಗಾಗಿಯೇ ‘ಆಹಾ’ ಎಂಬ ಕಾರ್ಯಕ್ರಮವೂ ಅಲ್ಲಿದೆ. (ಅಲ್ಲಿನ ಕ್ಯಾಂಟೀನಿನ ಅಕ್ಕಿ ರೊಟ್ಟಿಗೂ ದೊಡ್ಡ ಹೆಸರಿದೆ. ಕೊಡಗಿನವರಾದ ನಾವು ಆ ವಿಷಯದಲ್ಲಿ ಮೌನವಾಗಿರುವುದು ಲೇಸು.)

ನಮ್ಮಲ್ಲಿ ನಟರಿಗೆ ಬರವಿಲ್ಲ, ನಾಟಕಕ್ಕೂ ಬರವಿಲ್ಲ. ಮದುವೆಗೆಂದೇ ಕಟ್ಟಿದ ಸಭಾಂಗಣಗಳಿವೆ. ಅವುಗಳ ನೆಲ ಸಮತಟ್ಟು, ಮೂರನೆಯ ಸಾಲಿನವರಿಗೆ ನಟರ ತಲೆ ಮಾತ್ರ ಕಾಣುತ್ತದೆ. ದೀಪವೆಂದರೆ ಟ್ಯೂಬ್ ಲೈಟ್, ಬಣ್ಣ ಹಚ್ಚಿಕೊಳ್ಳುವ ಜಾಗವೆಂದರೆ ಪಾತ್ರೆ ತೊಳೆಯುವ ಜಾಗದ ಪಕ್ಕದ ಕೋಣೆ. ಮುಹೂರ್ತದ ತಿಂಗಳುಗಳಲ್ಲಿ ಅದೂ ಸಿಗುವುದಿಲ್ಲ. ರಂಗಶಂಕರದ ಕಥೆಯನ್ನು ಮಡಿಕೇರಿಯ ಪತ್ರಿಕೆ ಹೇಳಬೇಕಾದದ್ದು ಇದಕ್ಕಾಗಿ. ಆದರೆ ನಮ್ಮ ಲೇಖನ ಇದನ್ನು ಎಲ್ಲಿಯೂ ಹೇಳಲಿಲ್ಲ, ಆದ್ದರಿಂದ ನಿಮ್ಮ ಮೊದಲ ಪ್ರಶ್ನೆ ಹುಟ್ಟಿದ್ದು ನಮ್ಮ ಲೋಪದಿಂದಲೇ.

‘ನಮ್ಮವರನ್ನು ಮರೆತಿರಿ’ ಎಂಬ ಮಾತನ್ನು ಮಾತ್ರ ಭಾಗಶಃ ಒಪ್ಪುತ್ತೇನೆ. ಕೊಡಗಿನ ಕಿರುಂದಾಡಿನ ಹರದಾಸ ಅಪ್ಪಚ್ಚಕವಿಗಳು ಕೊಡವ ನುಡಿಯಲ್ಲಿ 1906ರಲ್ಲಿ ‘ಯಯಾತಿ’, 1908ರಲ್ಲಿ ‘ಸಾವಿತ್ರಿ’ ಮತ್ತು ‘ಸುಬ್ರಹ್ಮಣ್ಯ’, 1918ರಲ್ಲಿ ‘ಕಾವೇರಿ’ ನಾಟಕಗಳನ್ನು ಬರೆದರು. ಅದಕ್ಕೂ ಮೊದಲು ಆ ನುಡಿಯಲ್ಲಿ ನಾಟಕವೆಂಬುದು ಬರಹಕ್ಕೆ ಇಳಿದಿರಲಿಲ್ಲ. ಹೊರಗಿನಿಂದ ಬಂದು ಕನ್ನಡ ಕಲಿತ ನಟಿಯ ಕೆಲಸವನ್ನು ಹೊಗಳುವುದರಿಂದ ಅಪ್ಪಚ್ಚಕವಿಗಳು ಚಿಕ್ಕವರಾಗುವುದಿಲ್ಲ. ಆದರೆ ಅವರ ನಾಟಕಗಳನ್ನು ಆಡಿದವರು ಯಾರು, ಯಾರ ಅಂಗಳದಲ್ಲಿ ಆಡಿದರು ಎಂಬುದನ್ನು ನಾವು ಇದುವರೆಗೆ ವಿಚಾರಿಸಿಯೇ ಇಲ್ಲ.

ಪತ್ರದ ಕೊನೆಯಲ್ಲಿ ನೀವು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ: ನಿಮ್ಮ ಅಜ್ಜ ‘ಸಾವಿತ್ರಿ’ಯಲ್ಲಿ ಹೆಣ್ಣುಪಾತ್ರ ವಹಿಸಿದ್ದರು, ಆ ವೇಷದ ಒಂದು ಛಾಯಾಚಿತ್ರ ಐನ್‌ಮನೆಯ (ಕುಲದ ಹಿರಿಮನೆಯ) ಗೋಡೆಯ ಮೇಲೆ ಈಗಲೂ ಇದೆ ಎಂದು. ದಯವಿಟ್ಟು ಅದನ್ನು ಅಂಚೆಯಲ್ಲಿ ಕಳುಹಿಸಬೇಡಿ, ಗಾಜಿನಿಂದ ಬಿಡಿಸಲೂ ಹೋಗಬೇಡಿ. ಮಳೆ ಇನ್ನೂ ಜೋರಾಗುವ ಮೊದಲು, ಒಂದು ಭಾನುವಾರ ನಾವೇ ಕ್ಯಾಮೆರಾ ಹಿಡಿದು ನಿಮ್ಮಲ್ಲಿಗೆ ಬರುತ್ತೇವೆ. ಹೊತ್ತನ್ನು ನೀವೇ ಹೇಳಿ, ತಡ ಮಾಡುವುದಿಲ್ಲ.

— ಸಂಪಾದಕ