ಗೇಟಿನ ಸಿಸಿಟಿವಿಯಲ್ಲಿ ಎದುರು ಮನೆ ಬಾಗಿಲು ಕಾಣದ ಹಾಗೆ ಮಾಡಬಹುದಾ?

ಮಾಡಬಹುದು, ಕ್ಯಾಮೆರಾ ಬಿಚ್ಚೋದೇನೂ ಬೇಡ. ಹೆಚ್ಚಿನ ಕ್ಯಾಮೆರಾಗಳ ಸೆಟ್ಟಿಂಗ್ಸಿನಲ್ಲಿ ‘ಪ್ರೈವೆಸಿ ಮಾಸ್ಕ್’ ಅಂತ ಇರುತ್ತದೆ. ಎದುರು ಮನೆಯ ಬಾಗಿಲು, ಕಿಟಕಿ ಬರುವ ಜಾಗಕ್ಕೆ ಒಂದು ಚೌಕ ಎಳೆದರಾಯಿತು. ಆ ಭಾಗ ಕಪ್ಪಾಗಿಯೇ ರೆಕಾರ್ಡ್ ಆಗುತ್ತದೆ. ಚಿತ್ರದ ಮೇಲೆ ಪರದೆ ಎಳೆದಂತಲ್ಲ, ಅಲ್ಲಿನ ಚಿತ್ರವೇ ಉಳಿಯುವುದಿಲ್ಲ. ಆಮೇಲೆ ಯಾರು ತೆಗೆದು ನೋಡಿದರೂ ಏನೂ ಸಿಗುವುದಿಲ್ಲ.

ತುಮಕೂರಿನ ನಮ್ಮ ಬೀದಿಯಂಥ 20 ಅಡಿ ರಸ್ತೆಯಲ್ಲಿ ಈ ತೊಂದರೆ ಜಾಸ್ತಿ. ಗೇಟಿನ ಮೇಲೆ ಕ್ಯಾಮೆರಾ ಹಾಕಿದರೆ ಎದುರಿನವರ ಹೊಸಿಲು, ಬೆಳಿಗ್ಗೆ ರಂಗೋಲಿ ಬಿಡುವ ಅಜ್ಜಿ, ಎಲ್ಲಾ ಒಳಗೆ. ಬೈಕ್ ಕಳುವಾದರೆ ಅದೇ ವಿಡಿಯೋ ಪೊಲೀಸರಿಗೆ ಬೇಕು, ಸರಿ. ಆದರೆ ಅವರ ಮನೆಗೆ ಯಾರು ಎಷ್ಟು ಹೊತ್ತಿಗೆ ಬಂದರು ಅನ್ನೋದು ಸುಮ್ನೆ ನಿಮ್ಮ ಫೋನಿನಲ್ಲಿ ಕೂತಿರುತ್ತಲ್ಲ, ಅವರ ತಕರಾರು ಅದು. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ.

ಮೈಕ್ ಇದ್ದರೆ ಅದನ್ನೂ ಆಫ್ ಮಾಡಿ. ಕಳ್ಳನನ್ನು ಹಿಡಿಯಲು ಅವರ ಮನೆ ಮಾತು ಬೇಕಿಲ್ಲ, ಅಲ್ವಾ?

ಅಗ್ಗದ ಕ್ಯಾಮೆರಾದಲ್ಲಿ ಮಾಸ್ಕ್ ಇಲ್ಲದಿದ್ದರೆ ಸ್ವಲ್ಪ ಕೆಳಕ್ಕೆ ಬಾಗಿಸಿ, ನಿಮ್ಮ ಗೇಟು, ಗಾಡಿ ಕಂಡರೆ ಸಾಕು. ಆಮೇಲೆ ಎದುರಿನವರನ್ನು ಕರೆದು ಒಮ್ಮೆ ಸ್ಕ್ರೀನ್ ತೋರಿಸಿಬಿಡಿ.